ಮುಂಬೈನ ವಿಟಿ (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್ನಿನ ‘ದೊಡ್ಡ ಗಡಿಯಾರ’ ಅಂದರೆ ಯಾವುದು? ಅಪ್ಪನನ್ನು ಕರೆದುಕೊಂಡು ಹೋಗಬೇಕು, ಗೊತ್ತಿದ್ದವರು ಹೇಳಿ

ಡೊಂಬಿವಲಿಯ ಹಾವೇರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಅಪ್ಪ 1974ರಲ್ಲಿ ಹಾವೇರಿಯಿಂದ ಮುಂಬೈಗೆ ಬಂದರು. ಆಗ ಅವರಿಗೆ 13 ವರ್ಷ. ಒಬ್ಬರೇ ಬಂದರು. ದೊಡ್ಡಪ್ಪ ಗಿರಗಾಂವ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಊರಿಗೆ ಒಂದು ಕಾರ್ಡು ಬರೆದಿದ್ದರು. ‘ತಮ್ಮನನ್ನು ಕಳಿಸಿ. ಬೋರಿಬಂದರಿನಲ್ಲಿ ಇಳಿದು ದೊಡ್ಡ ಗಡಿಯಾರದ ಕೆಳಗೆ ನಿಂತಿರಲಿ. ಯಾರು ಕರೆದರೂ ಹೋಗುವುದು ಬೇಡ.’ ಅಷ್ಟೇ ಇತ್ತು ಅದರಲ್ಲಿ. ಬೋರಿಬಂದರು ಅಂದರೆ ವಿಟಿಯೇ, ಹಳಬರು ಕರೆಯುವ ಹೆಸರು.

ಅಪ್ಪ ಗಾಡಿ ಇಳಿದರು. ಗಡಿಯಾರ ಕಂಡಿತು. ಅದರ ಕೆಳಗೆ ತಗಡಿನ ಟ್ರಂಕು ಇಟ್ಟು ನಿಂತರು. ದೊಡ್ಡಪ್ಪನೂ ಬೆಳಗ್ಗೆಯೇ ಬಂದು ಗಡಿಯಾರದ ಕೆಳಗೆ ನಿಂತಿದ್ದರು. ಆದರೆ ಎರಡೂ ಬೇರೆ ಬೇರೆ ಗಡಿಯಾರ! ಮಧ್ಯಾಹ್ನದವರೆಗೂ ಇಬ್ಬರೂ ಅಲ್ಲಲ್ಲೇ ನಿಂತರು. ಅಪ್ಪನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಅಳುವುದಕ್ಕೂ ಹೆದರಿಕೆ, ಯಾರಾದರೂ ಕರೆದರೆ ಏನು ಮಾಡಲಿ ಅಂತ. ಕೊನೆಗೆ ಒಬ್ಬ ಹಮಾಲ, ಕೆಂಪು ಅಂಗಿ, ತೋಳಿಗೆ ಹಿತ್ತಾಳೆ ಬಿಲ್ಲೆ, ಬೆಳಗ್ಗೆಯಿಂದ ಈ ಹುಡುಗನನ್ನು ನೋಡುತ್ತಲೇ ಇದ್ದವರು, ಚಹಾ ಬನ್ನು ಕೊಡಿಸಿ ಕೈಯಲ್ಲಿದ್ದ ಕಾರ್ಡು ತೋರಿಸು ಅಂತ ಸನ್ನೆ ಮಾಡಿದರಂತೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಪ್ಪ ಮೇಲೆ ಗಡಿಯಾರದ ಕಡೆ ಕೈ ತೋರಿಸಿದರು. ಆಗ ಅವರಿಗೆ ಹೊಳೆಯಿತು. ಟ್ರಂಕು ತಲೆ ಮೇಲೆ ಇಟ್ಟುಕೊಂಡು, ಅಪ್ಪನ ಕೈ ಹಿಡಿದು, ಸ್ಟೇಷನ್ ಸುತ್ತಿಸಿ ಹೊರಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡಪ್ಪ ನಿಂತಿದ್ದರು.

ಆಮೇಲೆ ಐವತ್ತು ವರ್ಷ ಅಣ್ಣ ತಮ್ಮ ಇದೇ ವಾದ ಮಾಡಿದರು. ಹಬ್ಬಕ್ಕೆ ಕೂತರೂ ಇದೇ ಮಾತು. ‘ನಾನು ಹೇಳಿದ ಗಡಿಯಾರ ಅದಲ್ಲ’ ಅಂತ ದೊಡ್ಡಪ್ಪ. ‘ನನಗೆ ಕಂಡಿದ್ದೇ ಅದು’ ಅಂತ ಅಪ್ಪ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಅಪ್ಪನಿಗೆ ಮೊಣಕಾಲು ಆಪರೇಷನ್ ಆಗಿದೆ, ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತಾರೆ. ಮೊನ್ನೆ ರಾತ್ರಿ ಊಟ ಮಾಡುತ್ತಾ ‘ಒಮ್ಮೆ ವಿಟಿಗೆ ಹೋಗಿ ಆ ಗಡಿಯಾರ ನೋಡಬೇಕು’ ಅಂದರು. ಭಾಂಡುಪ್‌ನ ಕಾರ್ಖಾನೆಯಲ್ಲಿ ಜೀವಮಾನ ದುಡಿದ ಮನುಷ್ಯ. ವಿಟಿಗೆ ಹೋಗಿದ್ದರೂ ಅವಸರದಲ್ಲಿ, ಜನರ ಮಧ್ಯೆ. ನಿಂತು ನೋಡಿಲ್ಲ.

ಯಾವ ಗಡಿಯಾರ ಯಾವ ಕಡೆ ಇದೆ, ಯಾವ ಹೊತ್ತಿಗೆ ಹೋದರೆ ಒಳ್ಳೆಯದು, ಇನ್ನೇನು ತೋರಿಸಲಿ?

ಕಲ್ಯಾಣದ ಲೈನ್‌ಮ್ಯಾನ್ (ನಿವೃತ್ತ)

ತಂಗಿ, ನಾನು ಓವರ್‌ಹೆಡ್ ತಂತಿ ಕೆಲಸದಲ್ಲಿ 33 ವರ್ಷ ಇದ್ದವನು. ವಿಟಿ ನನಗೆ ಮನೆ ಇದ್ದ ಹಾಗೆ. ನಿಮ್ಮ ಅಪ್ಪನ ಕಥೆ ಓದಿದ ಕೂಡಲೇ ಅರ್ಥ ಆಯಿತು, ಏನಾಗಿರಬಹುದು ಅಂತ.

ವಿಟಿ ಒಂದು ಸ್ಟೇಷನ್ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಅದು ಅಕ್ಕಪಕ್ಕ ಕೂತ ಎರಡು ಸ್ಟೇಷನ್. ಪಡುವಣ ದಿಕ್ಕಿಗೆ, ದಾದಾಭಾಯಿ ನವರೋಜಿ ರಸ್ತೆಯ ಕಡೆ ಹಳೇ ಕಲ್ಲಿನ ಕಟ್ಟಡ ಇದೆ. ಫೋಟೊಗಳಲ್ಲಿ ಕಾಣುವುದು ಅದೇ. ಅದರ ಮಗ್ಗುಲಿಗೆ ಲೋಕಲ್ ಗಾಡಿಗಳು. ಮೂಡಣಕ್ಕೆ ಹೋದಂತೆ ಊರಿನ ಗಾಡಿಗಳು. ಆ ಭಾಗವನ್ನು 1929ರಲ್ಲಿ ದೊಡ್ಡದು ಮಾಡಿದರು. ಈಗ ಒಟ್ಟು 18 ಪ್ಲಾಟ್‌ಫಾರ್ಮ್. 1ರಿಂದ 7 ಲೋಕಲ್‌ಗೆ, ಅದರಲ್ಲಿ 1 ಮತ್ತು 2 ಹಾರ್ಬರ್ ಲೈನಿಗೆ. 8ರಿಂದ 18 ದೂರದ ಗಾಡಿಗಳಿಗೆ.

ಊರಿಂದ ಬಂದ ಹುಡುಗ ಮೂಡಣ ಭಾಗದಲ್ಲಿ ಇಳಿಯುತ್ತಾನೆ. ಅವನ ಕಣ್ಣಿಗೆ ಬೀಳುವುದು ಒಳಗಿನ ಗಡಿಯಾರ. ಊರಿನ ಸ್ಟೇಷನ್ ಗಡಿಯಾರ ನೋಡಿದವನಿಗೆ ಅದೇ ದೊಡ್ಡದು. ಆದರೆ ಮುಂಬೈನಲ್ಲಿದ್ದವರು ‘ದೊಡ್ಡ ಗಡಿಯಾರ’ ಅಂದರೆ ರಸ್ತೆ ಕಡೆಯ ಮುಖದಲ್ಲಿ, ಎತ್ತರದಲ್ಲಿರುವುದು. ಅದರ ಕೆಳಗೆ ಒಂದು ಖಾಲಿ ಗೂಡು ಕಾಣುತ್ತದೆ. ಅಲ್ಲಿ ವಿಕ್ಟೋರಿಯಾ ರಾಣಿಯ ವಿಗ್ರಹ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ತೆಗೆದರು.

ಅಂದರೆ ನಿಮ್ಮ ಅಪ್ಪ ಒಳಗೆ, ದೊಡ್ಡಪ್ಪ ಹೊರಗೆ. ಮಧ್ಯೆ ಇಡೀ ಕಟ್ಟಡ.

ಹೋಗುವುದಾದರೆ ಮಧ್ಯಾಹ್ನ 1 ಗಂಟೆಯಿಂದ 3 ಗಂಟೆಯ ಒಳಗೆ ಹೋಗಿ. ಡೊಂಬಿವಲಿಯಿಂದ ಸ್ಲೋ, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಲೋಕಲ್ ಹಿಡಿಯಿರಿ. ಫಾಸ್ಟ್ ಬೇಡ. ಹೊತ್ತು ಜಾಸ್ತಿ ಹಿಡಿಯುತ್ತೆ, ಆದರೆ ನೂಕುನುಗ್ಗಲು ಕಮ್ಮಿ. ವಿಟಿ ಕೊನೆಯ ಸ್ಟೇಷನ್, ಇಳಿಯಲು ಅವಸರ ಮಾಡಬೇಡಿ. ಎಲ್ಲರೂ ಇಳಿದ ಮೇಲೆ ಇಳಿಯಿರಿ. ಇನ್ನೊಂದು ಅನುಕೂಲ ಇದೆ. ಹಳಿಗಳು ಅಲ್ಲಿಗೇ ಮುಗಿಯುವುದರಿಂದ ಪ್ಲಾಟ್‌ಫಾರ್ಮ್ ತುದಿಯಿಂದ ಹೊರಗಿನ ತನಕ ನೆಲ ಒಂದೇ ಮಟ್ಟ. ಸೇತುವೆ ಹತ್ತುವ ಕೆಲಸ ಇಲ್ಲ. ಮೊಣಕಾಲಿನವರಿಗೆ ದಾದರ್‌ಗಿಂತ ವಿಟಿ ಎಷ್ಟೋ ಒಳ್ಳೆಯದು.

ಕುರ್ಲಾ ಕರಾವಳಿ

ಕಥೆ ಓದಿ ಕಣ್ಣು ತುಂಬಿತು. ಆದರೆ ಒಂದು ಮಾತು ಹೇಳಬೇಕು. ಕನ್ನಡಿಗರ ಮುಂಬೈ ಅಂದರೆ ವಿಟಿ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಉಡುಪಿ, ಕುಂದಾಪುರ ಕಡೆಯವರಿಗೆ ಅದು ಅಷ್ಟು ನಿಜ ಅಲ್ಲ. ನಮ್ಮ ಅಜ್ಜ ಹಡಗಿನಲ್ಲಿ ಬಂದವರು. ಅಪ್ಪ ಬಸ್ಸಿನಲ್ಲಿ, ಎರಡು ದಿನ ಕೂತು, ಕಾಲು ಊದಿಸಿಕೊಂಡು. ನಮ್ಮ ಕಡೆಗೆ ನೇರ ರೈಲೇ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿ 26ಕ್ಕೆ. ಅದಾದ ಮೇಲೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಬಂತು, ಅದೂ ಕುರ್ಲಾದ ಟರ್ಮಿನಸ್ಸಿಗೆ. ನಮ್ಮ ಮನೆಯಲ್ಲಿ ‘ಸ್ಟೇಷನ್‌ಗೆ ಹೋಗಿ ಕರೆದುಕೊಂಡು ಬಾ’ ಅಂದರೆ ಇವತ್ತಿಗೂ ಅದೇ ಸ್ಟೇಷನ್.

ದಾದರ್ ಕೂಡ ಮರೆಯಬೇಡಿ. ಶರಾವತಿ, ಚಾಲುಕ್ಯ, ಹುಬ್ಬಳ್ಳಿ ಗಾಡಿ ಎಲ್ಲ ದಾದರ್‌ನಿಂದಲೇ ಹೊರಡುವುದು. ಮಾಟುಂಗಾದ ನಮ್ಮವರಿಗೆ ಅದು ಮನೆ ಬಾಗಿಲು.

ಕಲಬುರಗಿ ಹುಡುಗ, ಮಸ್ಜಿದ್ ಬಂದರ್

ಕುರ್ಲಾ ಅಣ್ಣ, ಒಪ್ಪುತ್ತೇನೆ. ಮಂಗಳೂರಿಗೆ ಈಗ ವಿಟಿಯಿಂದಲೂ ಒಂದು ರಾತ್ರಿ ಗಾಡಿ ಇದೆ ಬಿಡಿ. ಆದರೆ ನಮ್ಮ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ವಿಟಿ ಬಿಟ್ಟರೆ ಇಲ್ಲ ಅನ್ನುವಷ್ಟು ನಂಟು. ಉದ್ಯಾನ್ ಎಕ್ಸ್‌ಪ್ರೆಸ್ ಬೆಳಗ್ಗೆ ವಿಟಿ ಬಿಟ್ಟರೆ ಸೊಲ್ಲಾಪುರ ದಾಟಿ ಸಂಜೆಗೆ ನಮ್ಮೂರು. ವಿಜಯಪುರ, ಬಾಗಲಕೋಟೆಯವರಿಗೆ ಗದಗ ಗಾಡಿ. ಅದನ್ನು ಈಗ ಹೊಸಪೇಟೆ ತನಕ ಮುಂದುವರಿಸಿದ್ದಾರೆ. ಹಬ್ಬದ ಹಿಂದಿನ ದಿನ ಆ ಗಾಡಿಯ ಜನರಲ್ ಬೋಗಿ ಮುಂದೆ ಸಾಲು ನೋಡಬೇಕು ನೀವು. ಕಟ್ಟಡ ಕೆಲಸದವರು, ಬಕೆಟ್, ಕರಣೆ, ಮಕ್ಕಳು, ಹೊಸ ಸೀರೆಯ ಪ್ಲಾಸ್ಟಿಕ್ ಚೀಲ. ಆ ಸಾಲಿನಲ್ಲಿ ಒಂದು ಗಂಟೆ ನಿಂತರೆ ಸಾಕು, ನಮ್ಮ ಜಿಲ್ಲೆಯ ಅರ್ಧ ಸುದ್ದಿ ಗೊತ್ತಾಗುತ್ತೆ.

ನಾನು ಮಸ್ಜಿದ್‌ನಲ್ಲಿ ಒಣಹಣ್ಣಿನ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಿಟಿ ಆದ ಮೇಲೆ ಮೊದಲ ಸ್ಟೇಷನ್ ಅದು. ಮನೆ ಅಂಬರನಾಥ್. ಸಂಜೆ ಮಸ್ಜಿದ್‌ನಲ್ಲಿ ಗಾಡಿ ಹತ್ತಿದರೆ ಸೀಟು ಸಿಗುವುದಿಲ್ಲ. ಅದಕ್ಕೆ ನಾವೆಲ್ಲ ಉಲ್ಟಾ ವಿಟಿ ಕಡೆ ಹೋಗುವ ಗಾಡಿ ಹತ್ತುತ್ತೇವೆ. ವಿಟಿಯಲ್ಲಿ ಅದೇ ಗಾಡಿ ಅಂಬರನಾಥ್‌ಗೆ ತಿರುಗುತ್ತೆ. ಒಂದು ಸ್ಟೇಷನ್ ಹಿಂದೆ ಹೋದರೆ ಒಂದೂವರೆ ಗಂಟೆ ಕೂತು ಹೋಗಬಹುದು. ಗಾಡಿ ಇನ್ನೂ ನಿಂತಿರುವುದಿಲ್ಲ, ಪ್ಲಾಟ್‌ಫಾರ್ಮಿನವರು ಓಡುತ್ತಾ ಹತ್ತುತ್ತಾರೆ. ದಯವಿಟ್ಟು ಅಪ್ಪನನ್ನು ಆ ಹೊತ್ತಿಗೆ ಬಾಗಿಲ ಹತ್ತಿರ ನಿಲ್ಲಿಸಬೇಡಿ.

ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಎಲ್ಲಿಗೆ ಅಂತ ತೋರಿಸುವ ಇಂಡಿಕೇಟರ್ ನೋಡುವುದು ಗೊತ್ತಲ್ವಾ? ಹೊಸಬರಿಗೆ ಹೇಳುತ್ತಿದ್ದೇನೆ. ‘ಎನ್’ ಅಂದರೆ ಕಸಾರಾ, ‘ಎಸ್’ ಅಂದರೆ ಕರ್ಜತ್. ಊರಿನ ಹೆಸರಿಗೂ ಅಕ್ಷರಕ್ಕೂ ಸಂಬಂಧ ಇಲ್ಲ. ಕಲ್ಯಾಣದಿಂದ ಲೈನು ಎರಡಾಗುತ್ತೆ, ಒಂದು ಈಶಾನ್ಯಕ್ಕೆ, ಒಂದು ಆಗ್ನೇಯಕ್ಕೆ. ಇಂಗ್ಲಿಷಿನ ಉತ್ತರ ದಕ್ಷಿಣದ ಮೊದಲ ಅಕ್ಷರ ಅದು. ನಾನು ಮೊದಲ ವಾರ ‘ಎಸ್’ ನೋಡಿ ಅದು ಬೇರೆಲ್ಲೋ ಹೋಗುವ ಗಾಡಿ ಅಂತ ಮೂರು ಅಂಬರನಾಥ್ ಕಡೆಯ ಗಾಡಿ ಬಿಟ್ಟೆ.

ಮುಲುಂಡ್ ಟೀಚರ್

ನಾನು ಮಕ್ಕಳನ್ನು ಮೂರು ಸಲ ವಿಟಿಗೆ ಕರೆದುಕೊಂಡು ಹೋಗಿದ್ದೇನೆ. ಅಪ್ಪನಿಗೆ ಏನು ತೋರಿಸಬೇಕು ಅಂತ ಕೇಳಿದ್ದೀರಿ, ಆದ್ದರಿಂದ ನನಗೆ ಪ್ರೀತಿಯ ಕೆಲವು ಜಾಗ ಹೇಳುತ್ತೇನೆ.

ಮೊದಲು ಆ ಹೆಸರು. ನಿಮ್ಮ ದೊಡ್ಡಪ್ಪ ಬೋರಿಬಂದರ್ ಅಂತ ಬರೆದದ್ದು ಎಷ್ಟು ಚೆಂದ! ಈ ಕಟ್ಟಡ ಬರುವ ಮುಂಚೆ ಅಲ್ಲಿದ್ದ ಸ್ಟೇಷನ್ ಹೆಸರು ಅದು. ಹೆಸರಲ್ಲೇ ಬಂದರು ಇದೆ. 1853ರ ಏಪ್ರಿಲ್ 16ಕ್ಕೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೊರಟದ್ದು ಬೋರಿಬಂದರಿನಿಂದ ಠಾಣೆಗೆ, 34 ಕಿಲೋಮೀಟರ್. 14 ಬೋಗಿ, ಸುಮಾರು 400 ಜನ ಅತಿಥಿಗಳು. ಎಳೆದದ್ದು ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್. 21 ತೋಪು ಹಾರಿಸಿದರು. ನಿಮ್ಮ ಡೊಂಬಿವಲಿ ಗಾಡಿ ಇವತ್ತಿಗೂ ಠಾಣೆ ತನಕ ಹೆಚ್ಚುಕಮ್ಮಿ ಅದೇ ದಾರಿಯಲ್ಲೇ ಓಡುತ್ತಿದೆ.

ಈಗಿನ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ. ಹತ್ತು ವರ್ಷ ಹಿಡಿಯಿತು. ವಿನ್ಯಾಸ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರದು. 1887ರಲ್ಲಿ, ರಾಣಿ ಪಟ್ಟಕ್ಕೇರಿ 50 ವರ್ಷ ಆದಾಗ, ಅವಳ ಹೆಸರಿಟ್ಟರು. ಆಗಿನ ಕಾಲಕ್ಕೆ ಸುಮಾರು 16 ಲಕ್ಷ ರೂಪಾಯಿ ಖರ್ಚು. ಎದುರುಗಡೆ ಇರುವ ಮಹಾನಗರ ಪಾಲಿಕೆ ಕಟ್ಟಡವೂ ಸ್ಟೀವನ್ಸ್ ಅವರದೇ, 1893ರದು. ಆದ್ದರಿಂದ ಪಾಲಿಕೆ ಬದಿಗೆ ನಿಂತು ಎರಡನ್ನೂ ಒಟ್ಟಿಗೆ ನೋಡಿ.

ಮಕ್ಕಳಿಗೆ ತುಂಬ ಇಷ್ಟ ಆಗುವುದು ಗೇಟಿನ ಕಂಬದ ಮೇಲಿನ ಸಿಂಹ ಮತ್ತು ಹುಲಿ. ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ. ಗುಮ್ಮಟದ ತುದಿಯಲ್ಲಿ ಒಬ್ಬಳು ಹೆಣ್ಣುಮಗಳು ನಿಂತಿದ್ದಾಳೆ, ಬಲಗೈಯಲ್ಲಿ ಪಂಜು, ಎಡಗೈ ಹತ್ತಿರ ಚಕ್ರ. ಪ್ರಗತಿ ಅಂತ ಅವಳಿಗೆ ಹೆಸರು. ಗೋಡೆ ತುಂಬ ನವಿಲು, ಮಂಗ, ಹಾವು, ಗೂಬೆ, ಎಲೆ ಬಳ್ಳಿ. ಇವುಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ಹುಡುಗರ ಕೈ ಇದೆ. ಯುರೋಪಿನ ಗಾಥಿಕ್ ಶೈಲಿ ಅಂತ ಪುಸ್ತಕದಲ್ಲಿ ಓದುತ್ತೇವೆ. ಹತ್ತಿರ ಹೋಗಿ ನೋಡಿದರೆ ಆ ಮಂಗ, ನವಿಲು ನಮ್ಮ ದೇವಸ್ಥಾನದ ಕಂಬದಿಂದ ಇಳಿದು ಬಂದ ಹಾಗೆ ಇವೆ. ಮುಂಭಾಗದಲ್ಲಿ ಆಗಿನ ದೊಡ್ಡವರ ಮುಖಗಳ ಕೆತ್ತನೆಯೂ ಇದೆ. ಜಗನ್ನಾಥ ಶಂಕರಶೇಟ್ ಮತ್ತು ಜಮ್ಶೇಟ್‌ಜಿ ಜೀಜೀಭಾಯ್ ಅದರಲ್ಲಿದ್ದಾರೆ. ಈ ಊರಿಗೆ ರೈಲು ಬರಲಿ ಅಂತ ಓಡಾಡಿದವರು ಅವರು.

ಲೋಕಲ್ ಟಿಕೆಟ್ ಕೊಡುವ ಹಾಲ್‌ಗೆ ಸ್ಟಾರ್ ಚೇಂಬರ್ ಅನ್ನುತ್ತಾರೆ. ಅಪ್ಪನನ್ನು ಅಲ್ಲಿ ಖಂಡಿತ ನಿಲ್ಲಿಸಿ. ಚಾವಣಿ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳಿವೆ. ದಿನಾ ಸಾವಿರಾರು ಜನ ಅದರ ಕೆಳಗೆ ಚಿಲ್ಲರೆ ಎಣಿಸಿಕೊಂಡು ಹೋಗುತ್ತಾರೆ, ಕತ್ತೆತ್ತುವವರು ಬೆರಳೆಣಿಕೆ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಟ್ಟಡ, ಆದರೂ ಹತ್ತು ರೂಪಾಯಿ ಟಿಕೆಟ್ ತೆಗೆದುಕೊಳ್ಳಲು ಒಳಗೆ ಹೋಗಬಹುದು. ನನಗೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ. ಗುಮ್ಮಟದ ಕೆಳಗಿನ ಮೆಟ್ಟಿಲು ನೋಡಬೇಕಿದ್ದರೆ ಕಟ್ಟಡದ ಒಳಗಿನ ರೈಲ್ವೆ ಮ್ಯೂಸಿಯಂಗೆ ಹೋಗಬೇಕು. ಅದು ವಾರದ ದಿನಗಳಲ್ಲಿ ಮಾತ್ರ. ಸಮಯ ವಿಚಾರಿಸಿಕೊಂಡು ಹೋಗಿ.

ಒಂದು ವಿಷಯ ಬರೆಯದೆ ಬಿಡಲು ಮನಸ್ಸು ಬರುತ್ತಿಲ್ಲ. ನಿಮ್ಮ ಅಪ್ಪ ಕಾದು ನಿಂತ ಆ ದೂರದ ಗಾಡಿಗಳ ಹಾಲ್‌ನಲ್ಲೇ 2008ರ ನವೆಂಬರ್ 26ರ ರಾತ್ರಿ ಉಗ್ರರ ದಾಳಿಯಲ್ಲಿ 50ಕ್ಕೂ ಜಾಸ್ತಿ ಜನ ಸತ್ತರು. ಊರಿಗೆ ಹೋಗಲು ಗಂಟುಮೂಟೆ ಇಟ್ಟುಕೊಂಡು ಕೂತಿದ್ದವರು. ಅನೌನ್ಸರ್ ವಿಷ್ಣು ಝೆಂಡೆ ಅವರು ತಮ್ಮ ಕ್ಯಾಬಿನ್ ಬಿಟ್ಟು ಹೋಗದೆ, ಜನ ಆ ಕಡೆ ಹೋಗಬೇಡಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಎಷ್ಟೋ ಜೀವ ಉಳಿಯಿತು. ನಾನು ಮಕ್ಕಳಿಗೆ ಸಿಂಹ, ಹುಲಿ ತೋರಿಸಿದ ಮೇಲೆ ಆ ಹಾಲ್‌ನಲ್ಲಿ ಇದನ್ನೂ ಹೇಳುತ್ತೇನೆ.

ಡೊಂಬಿವಲಿಯ ಹಾವೇರಿ ಹುಡುಗಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಟೀಚರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕೇಳುತ್ತಾ ಕೂತಿದ್ದರು. ಆಮೇಲೆ ‘ಮಿರಜಿನಲ್ಲಿ ಗಾಡಿ ಬದಲು ಮಾಡಿದ್ದು ಯಾರಿಗಾದರೂ ನೆನಪಿದೆಯಾ ಕೇಳು’ ಅಂದರು. ರಾತ್ರಿ ಘಾಟಿನಲ್ಲಿ ಗಾಡಿ ಪದೇ ಪದೇ ನಿಲ್ಲುತ್ತಿತ್ತಂತೆ, ಕೆಟ್ಟುಹೋಯಿತು ಅಂತ ಹೆದರಿದ್ದರಂತೆ.

ಬೆಳಗಾವಿ ಅಜ್ಜ, ಈಗ ಪುಣೆ

ನನಗೆ ನೆನಪಿದೆ ಮಗಳೇ. ಚೆನ್ನಾಗಿ ನೆನಪಿದೆ.

ಆಗ ನಮ್ಮ ಕಡೆ ಮೀಟರ್ ಗೇಜ್. ಹಾವೇರಿ, ಹುಬ್ಬಳ್ಳಿ, ಬೆಳಗಾವಿ ದಾಟಿ ಮಿರಜ್ ತನಕ ಸಣ್ಣ ಹಳಿ. ಮಿರಜಿನಿಂದ ಪುಣೆಗೆ 1971ರಲ್ಲಿ ದೊಡ್ಡ ಹಳಿ ಆಗಿತ್ತು. ನಮ್ಮ ಕಡೆ ಆದದ್ದು 90ರ ದಶಕದಲ್ಲಿ. ಅಷ್ಟು ವರ್ಷ ಉತ್ತರ ಕರ್ನಾಟಕದ ನಾವೆಲ್ಲ ಮಿರಜಿನಲ್ಲಿ ಇಳಿದು, ಸಾಮಾನು ಇಳಿಸಿ, ಓಡಿ, ಇನ್ನೊಂದು ಗಾಡಿ ಹತ್ತಬೇಕಿತ್ತು. ಒಬ್ಬರು ಮೊದಲು ಓಡಿ ಸೀಟಿನ ಮೇಲೆ ಟವೆಲ್ ಹಾಕುವುದು, ಉಳಿದವರು ಹಾಸಿಗೆ ಸುರುಳಿ, ಟ್ರಂಕು, ರೊಟ್ಟಿ ಗಂಟು ಹೊತ್ತು ಹಿಂದಿನಿಂದ ಬರುವುದು. ನನ್ನ ತಾಯಿ ಶೇಂಗಾ ಹಿಂಡಿ ಡಬ್ಬಿಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ನಿಮ್ಮ ಅಪ್ಪ 13 ವರ್ಷಕ್ಕೆ ಒಬ್ಬರೇ ಇದನ್ನೆಲ್ಲ ಮಾಡಿದರು ಅಂದರೆ ಗಟ್ಟಿ ಹುಡುಗ. ಮಿರಜಿನಿಂದ ಹತ್ತಿದ್ದು ಬಹುಶಃ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಇರಬೇಕು. ಅದು ಕೊಲ್ಹಾಪುರದಿಂದ ಬರುತ್ತಿತ್ತು, ಬೆಳಗ್ಗೆ ಮುಂಬೈ.

ಘಾಟಿನಲ್ಲಿ ಗಾಡಿ ಕೆಟ್ಟಿರಲಿಲ್ಲ. ಲೋನಾವಳಾ ಬಿಟ್ಟ ಮೇಲೆ ಬೋರ್ ಘಾಟ್ ಇಳಿಯಬೇಕು. 37 ಅಡಿ ಹೋದರೆ ಒಂದಡಿ ಇಳಿಜಾರು. ರೈಲಿಗೆ ಅದು ಬಹಳ ಕಡಿದು. ಅದಕ್ಕೆ ಮಂಕಿ ಹಿಲ್, ನಾಗನಾಥ್, ಠಾಕೂರ್‌ವಾಡಿ ಅಂತ ಕ್ಯಾಬಿನ್‌ಗಳ ಹತ್ತಿರ ನಿಲ್ಲಿಸಿ ಬ್ರೇಕ್ ಹಿಡಿಯುತ್ತಾ ಅಂತ ಖಾತ್ರಿ ಮಾಡಿಕೊಂಡು ಮುಂದೆ ಬಿಡುತ್ತಾರೆ. ಬ್ರೇಕ್ ಹಿಡಿಯದ ಗಾಡಿಯನ್ನು ಪಕ್ಕದ ಏರು ಹಳಿಗೆ ತಿರುಗಿಸುವ ವ್ಯವಸ್ಥೆಯೂ ಅಲ್ಲಿದೆ. ಏರುವಾಗ ಬೇರೆ ಕಥೆ. ಕರ್ಜತ್‌ನಲ್ಲಿ ಗಾಡಿ ಹಿಂದೆ ಇನ್ನೆರಡು ಮೂರು ಎಂಜಿನ್ ಕಟ್ಟಿ ತಳ್ಳಿಸುತ್ತಾರೆ. ಬ್ಯಾಂಕರ್ ಅಂತ ಅದಕ್ಕೆ ಹೆಸರು. ಅದನ್ನು ಕಟ್ಟುವಷ್ಟರಲ್ಲಿ ನಾವು ಇಳಿದು ಬಿಸಿ ವಡಾ ತಗೊಂಡು ಬರುತ್ತಿದ್ದೆವು. ಕರ್ಜತ್ ವಡಾ, ಲೋನಾವಳಾ ಚಿಕ್ಕಿ, ಎರಡೂ ಹೆಸರು ಮಾಡುವುದಕ್ಕೆ ಆ ಎಂಜಿನ್‌ಗಳು ಕಟ್ಟುವ, ಬಿಚ್ಚುವ ಹೊತ್ತೂ ಕಾರಣ ಅಂತ ನನ್ನ ಲೆಕ್ಕ.

ಆ ಘಾಟ್ ಕಟ್ಟಲು 1856ರಿಂದ 1863ರವರೆಗೆ ಹಿಡಿಯಿತು. 25 ಸುರಂಗ. ಕಾಲರಾ, ಮಳೆ, ಬಂಡೆ ಸಿಡಿಸುವಾಗಿನ ಅಪಘಾತ ಅಂತ ಸಾವಿರಗಟ್ಟಲೆ ಕೂಲಿಯವರು ಸತ್ತರು. ಅವರ ಹೆಸರು ಎಲ್ಲೂ ಕೆತ್ತಿಲ್ಲ. ಟೀಚರ್ ಮುಖಗಳ ಕೆತ್ತನೆ ಅಂದಾಗ ನನಗೆ ಇವರು ನೆನಪಾದರು.

ಸಾಯನ್ ಹಳಬ

ಸಣ್ಣ ಮಾತು. ಇಲ್ಲಿ ಎಲ್ಲರೂ ವಿಟಿ ವಿಟಿ ಅಂತ ಬರೆಯುತ್ತಿದ್ದೀರಿ. 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಮಹಾರಾಜ್ ಸೇರಿತು. ನಾವು ಈ ನೆಲದಲ್ಲಿ ಅನ್ನ ತಿನ್ನುವವರು. ಆ ಹೆಸರಿಗೆ ಗೌರವ ಕೊಡಬೇಕು.

ಕಲ್ಯಾಣದ ಲೈನ್‌ಮ್ಯಾನ್ (ನಿವೃತ್ತ)

ನೀವು ಹೇಳಿದ್ದು ಸರಿ. ಅಗೌರವ ಯಾರ ಮನಸ್ಸಿನಲ್ಲೂ ಇಲ್ಲ. ಬಾಯಿಗೆ ಅಂಟಿದ್ದು ಬಿಡುವುದು ಕಷ್ಟ. ಸಿಎಸ್‌ಎಂಟಿ ಅಂತಲೇ ಬರೆಯಲು ನೋಡುತ್ತೇನೆ. ಈ ಹುಡುಗಿಯ ಅಪ್ಪ ಮಾತ್ರ ಏನಾದರೂ ಕರೆಯಲಿ ಬಿಡಿ.

ನಮ್ಮ ಕೆಲಸದ್ದೂ ಸ್ವಲ್ಪ ಬರೆಯುತ್ತೇನೆ, ಯಾರೂ ಬರೆಯುವುದಿಲ್ಲ. ದೇಶದ ಮೊದಲ ಕರೆಂಟ್ ಗಾಡಿ ಓಡಿದ್ದು ಇಲ್ಲಿಂದಲೇ, 1925ರ ಫೆಬ್ರವರಿ 3ಕ್ಕೆ, ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ. 1500 ವೋಲ್ಟ್ ಡಿಸಿ. 1930ರ ಹೊತ್ತಿಗೆ ಪುಣೆ ತನಕ ತಂತಿ ಹೋಯಿತು, ಆ ವರ್ಷ ಜೂನ್ 1ಕ್ಕೆ ಡೆಕ್ಕನ್ ಕ್ವೀನ್ ಶುರು. ಕರೆಂಟಿಗೆ ರೈಲ್ವೆಯವರೇ ಠಾಕುರ್ಲಿಯಲ್ಲಿ ಪವರ್ ಹೌಸ್ ಕಟ್ಟಿಸಿದ್ದರು. ತಂಗಿ, ಅದು ನಿಮ್ಮ ಡೊಂಬಿವಲಿಯ ಪಕ್ಕದ ಸ್ಟೇಷನ್ನೇ. ಅಪ್ಪನಿಗೆ ಅದರ ಚಿಮಣಿ ನೆನಪಿರುತ್ತೆ, ಕೇಳಿ.

ಡಿಸಿ ಅಂದರೆ ವೋಲ್ಟೇಜ್ ಕಮ್ಮಿ, ಆದ್ದರಿಂದ ತಂತಿಯಲ್ಲಿ ಕರೆಂಟ್ ಜಾಸ್ತಿ ಹರಿಯಬೇಕು. ದಪ್ಪ ತಂತಿ, ಹತ್ತಿರ ಹತ್ತಿರ ಸಬ್‌ಸ್ಟೇಷನ್. ಅದನ್ನು 25,000 ವೋಲ್ಟ್ ಎಸಿ ಮಾಡುವುದು ಅಂದರೆ ಇನ್ಸುಲೇಟರ್ ಬದಲು, ಸೇತುವೆಗಳ ಕೆಳಗೆ ಜಾಗ ಸಾಲದಿದ್ದರೆ ಹಳಿಯನ್ನೇ ತಗ್ಗಿಸುವುದು, ಗಾಡಿಗಳ ಬದಲು. ಅದೂ ಗಾಡಿ ನಿಲ್ಲಿಸದೆ! ರಾತ್ರಿ ಸುಮಾರು 1ರಿಂದ 4ರವರೆಗೆ ಮಾತ್ರ ಲೋಕಲ್‌ಗೆ ಬಿಡುವು, ಮತ್ತೆ ಭಾನುವಾರ ರಿಪೇರಿಗೆ ಅಂತ ಕೆಲವು ಗಂಟೆ ಹಳಿ ಮುಚ್ಚುವ ಮೆಗಾ ಬ್ಲಾಕ್. ಜನ ಮೆಗಾ ಬ್ಲಾಕ್ ಅಂದರೆ ಬೈಯುತ್ತಾರೆ. ನಮಗೆ ಅದೊಂದೇ ಹೊತ್ತು. ಮುಖ್ಯ ಮಾರ್ಗ 2015ರ ಜೂನ್‌ನಲ್ಲಿ ಮುಗಿಯಿತು, ಹಾರ್ಬರ್ 2016ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಹಳೇ ಡಿಸಿ ಸ್ವಿಚ್ ಕೊನೆಯ ಸಲ ಆಫ್ ಮಾಡಿದ ರಾತ್ರಿ ನಮ್ಮ ಗ್ಯಾಂಗಿನ ಹಿರಿಯರೊಬ್ಬರು ಅದಕ್ಕೆ ಕೈ ಮುಗಿದರು.

2005ರ ಜುಲೈ 26 ಎಲ್ಲರಿಗೂ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಸಾಯನ್, ಕುರ್ಲಾ ಹತ್ತಿರ ಹಳಿ ಮುಳುಗಿತು. ಸ್ಟೇಷನ್ ಒಳಗೆ ಸಾವಿರಾರು ಜನ ರಾತ್ರಿ ಕಳೆದರು. ಪೇಪರ್ ಹಾಸಿಕೊಂಡು ಮಲಗಿದವರ ನಡುವೆ ಕಾಲಿಡಲು ಜಾಗ ಇರಲಿಲ್ಲ. ಅಕ್ಕಪಕ್ಕದ ಹೋಟೆಲಿನವರು, ಅದರಲ್ಲಿ ನಮ್ಮ ಉಡುಪಿ ಕಡೆಯವರು ತುಂಬ ಜನ, ದುಡ್ಡು ಕೇಳದೆ ಇಡ್ಲಿ ಚಹಾ ತಂದು ಕೊಟ್ಟದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಠಾಣೆ ಲೇಡೀಸ್ ಡಬ್ಬಾ

ಗಂಡಸರ ಕಥೆಯೇ ಆಯಿತು, ನಮ್ಮದೂ ಒಂದಿರಲಿ. 22 ವರ್ಷ ನಾನು ಠಾಣೆಯಿಂದ ಸಿಎಸ್‌ಎಂಟಿಗೆ ಒಂದೇ ಗಾಡಿ, ಒಂದೇ ಲೇಡೀಸ್ ಡಬ್ಬಾ (ಹೆಂಗಸರ ಬೋಗಿ). ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಅರ್ಧ ಕೂತು ಮುಲ್ಕಿಯ ಒಬ್ಬರ ಪರಿಚಯ ಆಯಿತು, ಈಗ ಅವರು ನಮ್ಮ ಬೀಗರು. ಸಂಜೆ ವಾಪಸ್ ಬರುವಾಗ ಹುರುಳಿಕಾಯಿ ನಾರು ತೆಗೆಯುವುದು, ಮೆಂತ್ಯ ಸೊಪ್ಪು ಬಿಡಿಸುವುದು, ಎಲ್ಲ ಅಲ್ಲೇ. ಬಸುರಿ ಹೆಂಗಸು ಹತ್ತಿದರೆ ಕೇಳದೆಯೇ ಸೀಟು.

ನೀವು ಅಪ್ಪನನ್ನು ಕರೆದುಕೊಂಡು ಹೋಗುವುದಾದರೆ ದಸರಾ ಹೊತ್ತಿಗೆ ಹೋಗಿ. ಆಯುಧಪೂಜೆಗೆ ನಮ್ಮ ಊರಲ್ಲಿ ಸೈಕಲ್, ಟ್ರ್ಯಾಕ್ಟರ್ ಪೂಜೆ ಮಾಡುತ್ತಾರಲ್ವಾ, ಇಲ್ಲಿ ದಿನಾ ಹೋಗುವವರು ತಮ್ಮ ತಮ್ಮ ಡಬ್ಬಾಕ್ಕೆ ಪೂಜೆ ಮಾಡುತ್ತಾರೆ. ದಾದರ್‌ನಿಂದ ಹಿಂದಿನ ದಿನವೇ ಚೆಂಡುಹೂ ತಂದು ಮಾಲೆ ಕಟ್ಟಿ, ಹಿಡಿಕೆಗಳಿಗೆಲ್ಲ ತೋರಣ, ಪೆಟ್ಟಿಗೆ ತುಂಬ ಪೇಡೆ. ಮೋಟಾರ್‌ಮನ್‌ಗೂ ಕೊಡುತ್ತೇವೆ. ಇಷ್ಟು ವರ್ಷ ನಮ್ಮನ್ನು ಹೊತ್ತು ತಂದದ್ದಕ್ಕೆ ಒಂದು ದಿನ ಹೂ ಮುಡಿಸುವುದು.

ಡೊಂಬಿವಲಿಯ ಹಾವೇರಿ ಹುಡುಗಿ

ನಿನ್ನೆ ಹೋಗಿ ಬಂದೆವು. ದಸರಾ ತನಕ ಕಾಯಲು ಅಪ್ಪ ಒಪ್ಪಲಿಲ್ಲ.

ಲೈನ್‌ಮ್ಯಾನ್ ಅಣ್ಣ ಹೇಳಿದ ಹಾಗೆ ಮಧ್ಯಾಹ್ನದ ಸ್ಲೋ ಹಿಡಿದೆವು. ಠಾಕುರ್ಲಿ ಚಿಮಣಿ ಕೇಳಿದೆ, ನೆನಪಿದೆಯಂತೆ. ಮೊದಲು ದೂರದ ಗಾಡಿಗಳ ಹಾಲ್‌ಗೆ ಕರೆದುಕೊಂಡು ಹೋದೆ. ಅಪ್ಪ ನಿಂತು ನಾಲ್ಕೂ ಕಡೆ ನೋಡಿದರು. ಗುರುತು ಸಿಗಲಿಲ್ಲ ಅಂದರು. ಎಲ್ಲ ಬದಲಾಗಿದೆ, ಬೋರ್ಡು, ದೀಪ, ಅಂಗಡಿ. ನನಗೆ ಬೇಜಾರಾಯಿತು. ಆಮೇಲೆ ಒಬ್ಬ ಹಮಾಲ ಕೂತಿದ್ದರು, ಅವರ ಹತ್ತಿರ ಹೋಗಿ ಅಪ್ಪ ಮರಾಠಿಯಲ್ಲಿ ಇಡೀ ಕಥೆ ಹೇಳಿದರು. ಅವರು ಕೇಳಿ ಬಿಲ್ಲೆ ತೋರಿಸಿದರು. ತಂದೆಯಿಂದ ಮಗನಿಗೆ ಬಂದ ಬಿಲ್ಲೆಯಂತೆ. ‘ನನ್ನ ತಂದೆಯೇ ಇರಬಹುದು, ಇಲ್ಲದಿದ್ದರೂ ಆಗಿನ ಯಾರೋ ಒಬ್ಬರು’ ಅಂದರು. ಅಪ್ಪ ಚಹಾ ಬನ್ನು ಕೊಡಿಸಲೇ ಅಂತ ಕೇಳಿದರು. ಮೂರು ಜನ ನಿಂತು ಚಹಾ ಕುಡಿದೆವು. ಅಪ್ಪ ಬನ್ನಿನ ದುಡ್ಡು ಕೊಡಲು ನನಗೆ ಬಿಡಲಿಲ್ಲ.

ಸ್ಟಾರ್ ಚೇಂಬರ್ ನೋಡಿದೆವು ಟೀಚರ್. ಹೊರಗೆ ಬಂದು ಪಾಲಿಕೆ ಬದಿಗೆ ದಾಟಿದೆವು. ಅಲ್ಲಿಂದ ಗಡಿಯಾರ ಪೂರ್ತಿ ಕಾಣುತ್ತೆ, ಕೆಳಗಿನ ಖಾಲಿ ಗೂಡೂ ಕಾಣುತ್ತೆ. ಅಪ್ಪ ಕೋಲು ಊರಿಕೊಂಡು ತುಂಬ ಹೊತ್ತು ನೋಡಿದರು. ನಾನು ಏನೂ ಮಾತಾಡಲಿಲ್ಲ.

ಆಮೇಲೆ ಫೋನು ತೆಗೆದು ಹಾವೇರಿಗೆ ದೊಡ್ಡಮ್ಮನಿಗೆ ಹಚ್ಚಿದರು. ‘ವೈನಿ, ಅಣ್ಣ ಹೇಳಿದ್ದೇ ಖರೇ. ದೊಡ್ಡ ಗಡಿಯಾರ ಇದೇ’ ಅಂದರು. ಆ ಕಡೆಯಿಂದ ದೊಡ್ಡಮ್ಮ ಏನಂದರೋ ಗೊತ್ತಿಲ್ಲ. ಅಪ್ಪ ‘ಹೂಂ, ಊಟ ಆಯ್ತು’ ಅಂತ ಇಟ್ಟರು.

ನಾಲ್ಕು ಗಂಟೆಯ ಮುಂಚೆ ವಾಪಸ್ ಸ್ಲೋ ಹತ್ತಿದೆವು. ಕಿಟಕಿ ಸೀಟು ಸಿಕ್ಕಿತು. ಮಸ್ಜಿದ್ ದಾಟುವಷ್ಟರಲ್ಲಿ ಅಪ್ಪನಿಗೆ ನಿದ್ದೆ ಬಂದಿತ್ತು.